ನೊರೊ ಎತ್ತಿನ ಹಿಂಗಾಲು

ಫೋನು ಬಂದಾಗ ಮೊಮೊಸೆ ಶಿಗೆಜಿ ಜಗಲಿಯ ಬಿಸಿಲಲ್ಲಿ ಕೂತು ಕಾಕಿ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದ. ಹೆರೆದ ಹಣ್ಣನ್ನು ದಾರಕ್ಕೆ ಕಟ್ಟಿ ಸೂರಿನಡಿ ಒಣಗಲು ತೂಗುಬಿಡುವುದು ಅವನ ಹೆಂಡತಿ ಹಾತ್ಸುಯೆಯ ಕೆಲಸ. ಫೋನು ತೆಗೆಯುವುದೂ ಅವಳದೇ. ಮದುವೆಯಾದ ಲಾಗಾಯ್ತು ಆ ಮನೆಯಲ್ಲಿ ಫೋನಿಗೆ ಉತ್ತರ ಕೊಟ್ಟವಳು ಅವಳೊಬ್ಬಳೇ. ಶಿಗೆಜಿಗೆ ಹುಟ್ಟಿನಿಂದ ಉಗ್ಗು. ಎದುರಿಗೆ ಮನುಷ್ಯನಿದ್ದರೆ ಕೈಯಾಡಿಸಿ, ಹುಬ್ಬೇರಿಸಿ ಹೇಗೋ ನಿಭಾಯಿಸುತ್ತಿದ್ದ. ಫೋನಿನಲ್ಲಿ ಹುಬ್ಬು ಯಾರಿಗೆ ಕಾಣುತ್ತದೆ?

"ರೀ, ಮಕ್ಕಳ ಸಾಹಿತ್ಯ ಭವನದಿಂದ ಫೋನು," ಹಾತ್ಸುಯೆ ಒಳಗಿನಿಂದ ಕೂಗಿದಳು. "ನಿಮ್ಮನ್ನ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ."

ಶಿಗೆಜಿ ಚಾಕು ಕೆಳಗಿಟ್ಟು ಹುಬ್ಬೇರಿಸಿದ.

"ಇದಾರಮ್ಮ, ಇಲ್ಲೇ ಕೂತಿದಾರೆ," ಅವಳು ಫೋನಿಗೆ ಹೇಳಿದಳು. "ನೀವು ಹೇಳಿ, ನಾನು ಮುಟ್ಟಿಸ್ತೀನಿ. ಏನು? ಎತ್ತು ನಿಲ್ತಾ ಇಲ್ವಾ? ... ಹೌದು ಹೌದು, ಅರ್ಧ ಎತ್ತು ನಮ್ಮನೇವ್ರೇ. ಹಿಂದಿನ ಅರ್ಧ."

ಸಂಗತಿ ಇಷ್ಟು. ಅವರಿದ್ದ ಕಣಿವೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದವರೊಬ್ಬರು ತೊಂಬತ್ತು ವರ್ಷದ ಹಿಂದೆ ಮಕ್ಕಳಿಗಾಗಿ ಒಂದು ಕತೆ ಬರೆದಿದ್ದರು. ಸಮುದ್ರದ ಊರಿಂದ ಬೆಟ್ಟದ ಊರಿಗೆ ಉಪ್ಪು ಹೊರುವ ಎತ್ತಿನ ಕತೆ. ಅದರ ನಡಿಗೆ ನಿಧಾನ, ಅದಕ್ಕೇ ಹೆಸರು ನೊರೊ. ಒಂದು ದಿನ ದಾರಿಯಲ್ಲಿ ಹೊಳೆ ಉಕ್ಕಿ ಮೊಲದ ಮರಿಗಳು ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿರುತ್ತವೆ. ನೊರೊ ಬೆನ್ನ ಮೇಲಿನ ಮೂಟೆಯ ಸಮೇತ ನೀರಿಗಿಳಿದು ಅವನ್ನು ದಡಕ್ಕೆ ತರುತ್ತದೆ. ಉಪ್ಪೆಲ್ಲ ಕರಗಿ ಹೋಗುತ್ತದೆ. ಖಾಲಿ ಮೂಟೆ ಹೊತ್ತು ಊರು ಸೇರಿದಾಗ ಜನ ಸುತ್ತ ನಿಂತು "ಉಪ್ಪೆಲ್ಲಿ?" ಎಂದು ಕೇಳುತ್ತಾರೆ. ಕತೆಯುದ್ದಕ್ಕೂ ಬಾಯಿ ತೆರೆಯದ ಎತ್ತು ಆಗ ಒಂದೇ ಒಂದು ಮಾತು ಆಡುತ್ತದೆ: "ಉಪ್ಪು ಹೊಳೆಗೆ ಹೋಯ್ತು. ಮತ್ತೆ ಹೋಗಿ ತರ್ತೀನಿ." ಆ ಸೀಮೆಯಲ್ಲಿ ಇದನ್ನು ಕೇಳದೆ ಬೆಳೆದ ಮಗುವಿಲ್ಲ. ಹಾಲು ಚೆಲ್ಲಿದ ಮಗುವೂ ರೈಲು ತಪ್ಪಿಸಿಕೊಂಡ ಗಂಡಸೂ ಇದನ್ನೇ ಹೇಳಿ ತಲೆ ಕೆರೆದುಕೊಳ್ಳುತ್ತಾರೆ.

ಕತೆ ರಂಗದ ಮೇಲೆ ಬಂದ ಬಗೆಗಳನ್ನೆಲ್ಲ ಒಟ್ಟುಮಾಡಿ ಸಾಹಿತ್ಯ ಭವನದವರು ನವೆಂಬರಿನಲ್ಲಿ ಒಂದು ಪ್ರದರ್ಶನ ಏರ್ಪಡಿಸಿದ್ದರು. ಶಿಗೆಜಿ ಮೂವತ್ತೊಂದು ವರ್ಷ ದುಡಿದ ತ್ಸುಕುಶಿ ನಾಟಕ ತಂಡದ ಎತ್ತೂ, ಇಬ್ಬರು ಒಳಹೊಕ್ಕು ನಡೆಸುವ ವೇಷ, ಅಲ್ಲಿಗೆ ಬಂದಿತ್ತು. ಮುಂಗಾಲಾಗಿದ್ದ ಮಿಯಾಶಿತಾ ಕಾನ್ಕಿಚಿ ತೀರಿಕೊಂಡು ಎಂಟು ವರ್ಷವಾಗಿತ್ತು. ಅವನ ಹೆಂಡತಿ ತಾಜು ಅಟ್ಟದಿಂದ ಎತ್ತಿನ ತೊಗಲನ್ನೂ ಒಂದು ಪೆಟ್ಟಿಗೆಯನ್ನೂ ಇಳಿಸಿ ಕೊಟ್ಟಿದ್ದಳು. ಆದರೆ ಆ ಎತ್ತನ್ನು ನಿಲ್ಲಿಸುವುದು ಹೇಗೆಂದು ಭವನದಲ್ಲಿ ಯಾರಿಗೂ ತಿಳಿಯದು.

"ಮಡಿಚಿಟ್ಟ ಹಾಸಿಗೆ ಥರ ಬಿದ್ಕೊಂಡಿದೆಯಂತೆ ಪಾಪ," ಹಾತ್ಸುಯೆ ಫೋನಿಟ್ಟು ಬಂದು ಹೇಳಿದಳು. "ಶಿಗೆ-ಸಾನ್‌ನ ಕರೀರಿ, ಅವರಿಗೆ ಮಾತ್ರ ಗೊತ್ತು ಅಂತ ತಾಜು-ಸಾನ್ ಹೇಳಿದ್ರಂತೆ. ಹೋಗೋಣ ಅಲ್ವಾ?"

ಕಾನ್ಕಿಚಿಯ ಹೆಸರು ಕೇಳಿದಾಗ ಶಿಗೆಜಿಯ ಎದೆಯಲ್ಲಿ ಹಳೆಯ ಮುಳ್ಳೊಂದು ಮಿಸುಕಿತು. ಅದನ್ನು ಅವನು ಹೆಂಡತಿಗೂ ತೋರಿಸಿದ್ದಿಲ್ಲ. ತಲೆಯಾಡಿಸಿ ಒಪ್ಪಿದ.

ಇದ್ದಿಲು ಸುಡುವವನ ಮಗ ಶಿಗೆಜಿ. ಶಾಲೆಯಲ್ಲಿ ಹಾಜರಿ ಕೂಗಿದಾಗ 'ಹೂಂ' ಎನ್ನಲಾರದೆ ಎಷ್ಟೋ ದಿನ ಗೈರುಹಾಜರಿ ಹಾಕಿಸಿಕೊಂಡವನು. ದೊಡ್ಡವನಾಗಿ ಮರ ಕೊಯ್ಯುವ ಕಾರ್ಖಾನೆ ಸೇರಿದ, ಅಲ್ಲಿಯ ಗದ್ದಲದಲ್ಲಿ ಯಾರೂ ಮಾತಾಡಿಸುವುದಿಲ್ಲವೆಂಬ ಧೈರ್ಯಕ್ಕೆ. ಇಪ್ಪತ್ತಮೂರರ ಪ್ರಾಯದಲ್ಲಿ ನಾಟಕದವರು ಹಲಗೆ ಕೊಳ್ಳಲು ಬಂದಿದ್ದರು. ಅವರ ಲಾರಿ ಓಡಿಸುವವನು ಜ್ವರ ಬಂದು ಮಲಗಿದ್ದ. ಶಿಗೆಜಿ ಹಲಗೆಯ ಜೊತೆಗೆ ಲಾರಿಯನ್ನೂ ಮುಟ್ಟಿಸಿಬರಲು ಹೋದ. ಅಲ್ಲಿ ಹಿಂಗಾಲಿನ ಮನುಷ್ಯನ ನಡು ಹಿಡಿದುಕೊಂಡಿತ್ತು. ಕಾನ್ಕಿಚಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಗಟ್ಟಿಮುಟ್ಟಾಗಿದೀಯ. ಒಂದು ವಾರ ನನ್ನ ಹಿಂದೆ ಬಗ್ಗಿಕೊಂಡು ನಡೀತೀಯಾ? ಮಾತು ಒಂದೂ ಇಲ್ಲ," ಎಂದ. ಮಾತು ಒಂದೂ ಇಲ್ಲ ಎಂಬುದನ್ನು ಕೇಳಿ ಶಿಗೆಜಿಗೆ ಯಾರೋ ಬಾಗಿಲು ತೆರೆದು ಒಳಗೆ ಬಾ ಅಂದ ಹಾಗಾಯಿತು. ಆ ಒಂದು ವಾರ ಮೂವತ್ತೊಂದು ವರ್ಷ ನಡೆಯಿತು.

ಎತ್ತಿನೊಳಗೆ ಅವನು ಕಂಡ ಲೋಕ ಮೊಣಕೈಯಗಲದ್ದು. ಎದುರಿಗೆ ಕಾನ್ಕಿಚಿಯ ನಡುಪಟ್ಟಿ, ಕೆಳಗೆ ಹೊಟ್ಟೆಯ ಸೀಳಿನಿಂದ ಕಾಣುವ ನೆಲ. ನೆಲ ನೋಡಿಯೇ ಶಾಲೆ ಯಾವುದೆಂದು ಹೇಳುತ್ತಿದ್ದ: ಎಣ್ಣೆ ಹಚ್ಚಿದ ಕಪ್ಪು ಹಲಗೆಯದು, ಮೊಳೆ ಎದ್ದದ್ದು, ಮಕ್ಕಳು ಅಂದೇ ಬೆಳಿಗ್ಗೆ ಅಕ್ಕಿತೌಡಿನ ಚೀಲದಿಂದ ಉಜ್ಜಿ ಹೊಳಪಿಸಿದ್ದು. ಅಂಥದೊಂದು ಹೊಳೆಯುವ ನೆಲದ ಶಾಲೆಯಲ್ಲೇ ಅಡುಗೆಮನೆಯ ಹುಡುಗಿ ಹಾತ್ಸುಯೆ ಸಿಕ್ಕಿದ್ದು. ಆಟ ಮುಗಿದ ಮೇಲೆ ಎಲ್ಲರಿಗೂ ಮಿಸೊ ಸಾರು ಬಡಿಸುತ್ತಿದ್ದಳು. ಇನ್ನೊಂದು ಬಟ್ಟಲು ಬೇಕೆಂದು ಹೇಳಲಾರದೆ ಅವನು ಖಾಲಿ ಬಟ್ಟಲಿಗೇ ಎರಡು ಸಲ ನಮಸ್ಕಾರ ಮಾಡಿದ್ದ. ಅವಳು ನಕ್ಕು ತುಂಬಿಸಿದ್ದಳು. ಇವತ್ತಿಗೂ ಯಾರಾದರೂ ಕೇಳಿದರೆ, "ನನಗಲ್ಲ, ಬಟ್ಟಲಿಗೆ ಕೈಮುಗಿದು ಮದುವೆ ಆದೋರು," ಎನ್ನುತ್ತಾಳೆ.

ಮರುದಿನವೇ ಇಬ್ಬರೂ ತಮ್ಮ ಪುಟ್ಟ ಬಿಳಿ ಟ್ರಕ್ಕಿನಲ್ಲಿ ಭವನಕ್ಕೆ ಹೋದರು. ಪ್ರದರ್ಶನದ ಹೊಣೆ ಹೊತ್ತಿದ್ದ ಫುರಿಹಾತಾ ಎಂಬ ನಲವತ್ತರ ಹೆಂಗಸು ಬಾಗಿಲಲ್ಲೇ ಕಾಯುತ್ತಿದ್ದಳು. ಕೈಗೆ ಬಿಳಿ ಗವಸು, ಕೂದಲಲ್ಲಿ ಸಿಕ್ಕಿಸಿಕೊಂಡು ಮರೆತ ಪೆನ್ಸಿಲು.

"ಬನ್ನಿ ಮೊಮೊಸೆ-ಸಾನ್, ನಿಮ್ಮ ನೆಂಟರನ್ನೆಲ್ಲ ಮೊದಲು ನೋಡ್ಕೊಂಡು ಬಿಡಿ," ಎಂದಳು.

ನೆಂಟರು ಬಹಳ ಮಂದಿ ಇದ್ದರು. ಯುದ್ಧಕ್ಕೆ ಮೊದಲು ಬೀದಿ ಬೀದಿಯಲ್ಲಿ ಸೈಕಲ್ಲಿನ ಮೇಲೆ ಚಿತ್ರ ತೋರಿಸಿ ಕತೆ ಹೇಳುತ್ತಿದ್ದವನೊಬ್ಬನ ಹದಿನಾರು ಹಲಗೆಗಳು. ಅದರಲ್ಲಿ ನೊರೊನ ಬಣ್ಣ ನೀಲಿ. ಬೆಕ್ಕಿನ ಗಾತ್ರದ ಮರದ ಗೊಂಬೆ, ಅದರ ಕುತ್ತಿಗೆ ಈಗಲೂ ಟಕಟಕ ಅಲ್ಲಾಡುತ್ತಿತ್ತು. ಹೆಣ್ಣುಮಕ್ಕಳ ಪ್ರೌಢಶಾಲೆಯವರು ಹನ್ನೊಂದು ಕಪ್ಪು ಕೊಡೆಗಳಿಂದ ಕಟ್ಟಿದ್ದ ಎತ್ತು. ಟೋಕಿಯೋದ ದೊಡ್ಡ ಸಂಗೀತ ನಾಟಕದ್ದು ಮೋಟಾರಿನ ಎತ್ತು. ಗುಂಡಿ ಒತ್ತಿದರೆ ರೆಪ್ಪೆ ಬಡಿದು ಮೂಗಿನಿಂದ ಹೊಗೆ ಬಿಡುತ್ತಿತ್ತು. ಬ್ಯಾಲೆಯವರ ನೊರೊ ಮಾತ್ರ ಎರಡು ಬೆಳ್ಳಿಯ ಕೋಡು ಮತ್ತು ಒಂದು ಜೊತೆ ಬಿಗಿಯಾದ ಕರಿ ಚಡ್ಡಿ. ಪಕ್ಕದ ಚಿತ್ರದಲ್ಲಿ ನರ್ತಕ ಗಾಳಿಯಲ್ಲಿ ತೇಲಿದ್ದ.

ಹಾತ್ಸುಯೆ ಕನ್ನಡಕ ಸರಿಪಡಿಸಿಕೊಂಡು ಅವನನ್ನು ನೋಡಿದಳು. "ಈ ಹುಡುಗ ಉಪ್ಪು ಹೊರ್ತಾನಾ? ಎರಡು ಮೂಲಂಗಿ ಹೊರಿಸಿದ್ರೆ ನಡು ಮುರ್ಕೊಂಡು ಕೂತ್ಕೋತಾನೆ."

"ಇವನನ್ನ ನೋಡೋಕೆ ಅಂತ ಮೂರು ಸಲ ಟಿಕೆಟ್ ತಗೊಂಡಿದ್ದೆ ನಾನು," ಫುರಿಹಾತಾ ತಗ್ಗಿದ ದನಿಯಲ್ಲಿ ಒಪ್ಪಿಕೊಂಡಳು.

"ಹೋಗಲಿ ಬಿಡಿ, ನಡು ಮುರಿದ್ರೂ ಚೆನ್ನಾಗೇ ಕಾಣ್ತಾನೆ."

ಕೊನೆಯ ಕೋಣೆಯ ನೆಲದ ಮೇಲೆ, ಬಿಳಿ ಬಟ್ಟೆ ಹಾಸಿ, ತ್ಸುಕುಶಿಯ ಎತ್ತನ್ನು ಮಲಗಿಸಿದ್ದರು. ಗೋಣಿ ಮತ್ತು ಸೆಣಬಿನ ತೊಗಲು, ತೇಪೆಯ ಮೇಲೆ ತೇಪೆ. ಶಿಗೆಜಿ ಮಂಡಿಯೂರಿ ಕೂತು ಹಿಂಗಾಲಿನ ಮೇಲೆ ಅಂಗೈ ಇಟ್ಟ. ಕರ್ಪೂರದ ವಾಸನೆಯ ಅಡಿಯಲ್ಲಿ ಹಳೆಯ ಬೆವರು, ಕಾನ್ಕಿಚಿಯ ತಂಬಾಕು ಎರಡೂ ಇನ್ನೂ ಇದ್ದವು. ಆಮೇಲೆ ಹೊಟ್ಟೆಯ ಒಳಮೈ ತಿರುಗಿಸಿ, ಸಾಲಾಗಿ ಹೊಲಿದ ಖಾಲಿ ಬಟ್ಟೆಕೊಳವೆಗಳನ್ನು ಫುರಿಹಾತಾಗೆ ತೋರಿಸಿದ.

"ಬಿ... ಬಿದಿರು. ಹ... ಹ... ಹದಿಮೂರು ಬಳೆ."

ಆ ಹದಿಮೂರು ಬಿದಿರ ಬಳೆಗಳು ಎತ್ತಿನ ಪಕ್ಕೆಲುಬು. ತಂಡ ಮುಚ್ಚಿದ ವರ್ಷ ಅವನ್ನು ತೆಗೆದಿಟ್ಟಿದ್ದರು, ಹುಳ ಹಿಡಿದು ಹಾಳಾಗಿದ್ದವು. ಹೊಸದು ತಾನೇ ಮಾಡಿಕೊಡುವುದಾಗಿ ಶಿಗೆಜಿ ಹೇಳಿದ. ಮನೆಯ ಹಿಂದಿನ ಗುಡ್ಡದಿಂದ ಬಿದಿರು ಕಡಿದು, ಸೀಳಿ, ಬೆಂಕಿಗೆ ಹಿಡಿದು ಬಗ್ಗಿಸಿ, ದಿನಕ್ಕೆ ಎರಡು ಮೂರರಂತೆ ತಂದು ಜೋಡಿಸತೊಡಗಿದ. ಎಪ್ಪತ್ತೊಂಬತ್ತರ ಬೆರಳುಗಳಿಗೆ ಲೆಕ್ಕ ಮರೆತಿರಲಿಲ್ಲ.

ಕೆಲಸ ಮಾಡುತ್ತಾ ಮಾಡುತ್ತಾ ಆ ಮುಳ್ಳೂ ಮೇಲೆ ಬಂತು.

ಶೋವಾ ಶಕೆ ಐವತ್ನಾಲ್ಕರ ಫೆಬ್ರವರಿ, ಅಂದರೆ ನಲವತ್ತನಾಲ್ಕು ವರ್ಷದ ಹಿಂದೆ, ಬೆಟ್ಟದ ಮೇಲಿನ ಒಂದು ಸಣ್ಣ ಶಾಲೆಯಲ್ಲಿ ಆಟವಿತ್ತು. ಮೂವತ್ತೆರಡು ಮಕ್ಕಳು, ಹೊರಗೆ ಆಳುದ್ದ ಹಿಮ, ನಡುವೆ ಒಂದು ಸೀಮೆಎಣ್ಣೆ ಒಲೆ. ಕಾನ್ಕಿಚಿಗೆ ಎರಡು ದಿನದಿಂದ ಗಂಟಲು ಕಟ್ಟಿತ್ತು. ಮಾತಿರುವುದು ಒಂದೇ, ಅದೊಂದು ಹೇಗೋ ಹೇಳುತ್ತೇನೆ ಎಂದು ಹಟ ಹಿಡಿದು ತೊಗಲು ಹೊಕ್ಕಿದ್ದ. ಕೊನೆಯ ದೃಶ್ಯ ಬಂತು. ಊರವರು "ಉಪ್ಪೆಲ್ಲಿ?" ಎಂದು ಕೇಳಿದರು. ಎತ್ತು ಮಾತಾಡಲಿಲ್ಲ. ಇನ್ನೊಮ್ಮೆ ಕೇಳಿದರು. ಕಾನ್ಕಿಚಿಯ ಬೆನ್ನು ನಡುಗುವುದು ಶಿಗೆಜಿಯ ಹಣೆಗೆ ತಿಳಿಯುತ್ತಿತ್ತು. ಗಂಟಲಿನಿಂದ ಗಾಳಿ ಮಾತ್ರ ಹೊರಡುತ್ತಿತ್ತು. ಮಕ್ಕಳು ಕಾಯುತ್ತಿದ್ದರು. ಹೊಟ್ಟೆಯ ಸೀಳಿನಿಂದ ಮುಂದಿನ ಸಾಲಿನ ಉಣ್ಣೆಯ ಕಾಲುಚೀಲಗಳು ಅಲುಗಾಡದೆ ನಿಂತದ್ದು ಅವನಿಗೆ ಕಂಡಿತು.

ಯಾಕೆ ಬಾಯಿ ತೆರೆದೆನೆಂದು ಶಿಗೆಜಿಗೆ ಇವತ್ತಿಗೂ ತಿಳಿಯದು. "ಉ..." ಎಂದ. "ಉ... ಉ..." ಮುಂದೆ ಬರಲಿಲ್ಲ. ಕಿವಿ ಕಾದ ಕೆಂಡವಾಯಿತು. ಆಗ ಮುಂದಿನ ಸಾಲಿನಿಂದ ಒಂದು ಪುಟ್ಟ ದನಿ, ಗೆಳೆಯನಿಗೆ ಪಾಠ ಹೇಳಿಕೊಡುವವರ ಹಾಗೆ, ಪಿಸುಗುಟ್ಟಿತು: "ಉಪ್ಪು." ಅವನು "ಉಪ್ಪು" ಎಂದ. "ಹೊ... ಹೊ..." "ಹೊಳೆಗೆ," ಈಗ ನಾಲ್ಕೈದು ದನಿ. ಹೀಗೆ ಒಂದೊಂದೇ ಪದ ಹುಡುಕಿ ಮೂವತ್ತೆರಡು ಮಕ್ಕಳೂ ಎತ್ತಿನ ಮಾತನ್ನು ದಡ ಮುಟ್ಟಿಸಿದರು. ಪರದೆ ಬಿದ್ದ ಮೇಲೆ ಶಿಗೆಜಿ ಯಾರ ಮುಖವನ್ನೂ ನೋಡದೆ ಲಾರಿ ಹತ್ತಿ ಕೂತಿದ್ದ.

ಅದಾದರೂ ಮರೆತುಹೋಗುತ್ತಿತ್ತೇನೋ. ವಾರದ ಮೇಲೆ ದನಿ ಮರಳಿ ಬಂದ ಕಾನ್ಕಿಚಿ ಮುಂದಿನ ಊರಿನಲ್ಲಿ ಆ ಮಾತನ್ನು ಆಡಿದ್ದು ಹೀಗೆ: "ಉ... ಉ... ಉಪ್ಪು..."

ಹಿಂದೆ ಬಗ್ಗಿದ್ದ ಶಿಗೆಜಿಗೆ ಮೈಮೇಲೆ ತಣ್ಣೀರು ಸುರಿದ ಹಾಗಾಯಿತು. ಅಲ್ಲಿಂದ ಮುಂದೆ ತಂಡ ಮುಚ್ಚುವವರೆಗೆ, ಹತ್ತೊಂಬತ್ತು ವರ್ಷ, ಪ್ರತಿ ಆಟದಲ್ಲೂ ಕಾನ್ಕಿಚಿ ಹಾಗೆಯೇ ಉಗ್ಗಿದ. ಆಟ ಮುಗಿದು ತೊಗಲು ಕಳಚುವಾಗ ಹಿಂದಕ್ಕೆ ತಿರುಗಿ, "ಹೇಗಿತ್ತು ಶಿಗೆ? ಸರಿ ಬಂತಾ?" ಎಂದು ಕೇಳುತ್ತಿದ್ದ. ಶಿಗೆಜಿ ಬೆವರು ಒರೆಸಿಕೊಳ್ಳುತ್ತ ತಲೆಯಾಡಿಸುತ್ತಿದ್ದ. ಅಣಕಿಸಿದ್ದೂ ಅಲ್ಲದೆ ಸರಿ ಬಂತಾ ಎಂದು ಬೇರೆ ಕೇಳುತ್ತಾನಲ್ಲ ಎಂದು ಒಳಗೇ ನುಂಗಿಕೊಳ್ಳುತ್ತಿದ್ದ. ಇನ್ನೆಲ್ಲದರಲ್ಲೂ ಕಾನ್ಕಿಚಿ ಒಳ್ಳೆಯವನೇ. ಊಟದ ಡಬ್ಬಿಯಿಂದ ದೊಡ್ಡ ಅನ್ನದ ಉಂಡೆ ಎತ್ತಿ ಇವನಿಗೇ ಕೊಡುತ್ತಿದ್ದ. ಬಿಸಿನೀರಿನ ಊಟೆಗಳಲ್ಲಿ ಇವನ ಬೆನ್ನು ಉಜ್ಜುತ್ತಿದ್ದ. ಅದಕ್ಕೇ ಈ ಒಂದು ಸಂಗತಿ ನುಂಗಲಾರದ ತುತ್ತಾಗಿತ್ತು. ಅವನು ತೀರಿಕೊಂಡಾಗಲೂ ಶಿಗೆಜಿ ಹೋಗಿ ಧೂಪ ಹಾಕಿ, ಬಾಗಿ, ಬಂದುಬಿಟ್ಟಿದ್ದ.

ಹದಿಮೂರನೆಯ ಬಳೆ ಕೂರಿಸಿದ ದಿನ ಎತ್ತು ನಿಂತಿತು. ಭವನದ ಕೆಲಸದವರೆಲ್ಲ ಬಂದು ಚಪ್ಪಾಳೆ ತಟ್ಟಿದರು. ಶಿಗೆಜಿ ಬಾಲದ ದಾರವನ್ನು ಬಿಗಿಮಾಡುತ್ತಿದ್ದಾಗ ಫುರಿಹಾತಾ ಮೂರು ಹಳೆಯ ಪುಸ್ತಕಗಳನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು.

"ಮಿಯಾಶಿತಾ-ಸಾನ್ ಪೆಟ್ಟಿಗೇಲಿದ್ದ ನಾಟಕದ ಪ್ರತಿಗಳು. ಒಂದು ಹರಿದಾಗ ಇನ್ನೊಂದಕ್ಕೆ ನಕಲು ಮಾಡ್ಕೊಂಡಿದಾರೆ. ಒಂದು ಜಾಗ ಮಾತ್ರ ನಮಗ್ಯಾರಿಗೂ ಅರ್ಥ ಆಗ್ತಾ ಇಲ್ಲ. ಫಲಕದಲ್ಲಿ ಬರೀಬೇಕಲ್ಲ, ನೀವು ನೋಡಿ ಹೇಳ್ತೀರಾ? ಕೊನೇ ಪುಟ. ಕೆಂಪು ಪೆನ್ಸಿಲಲ್ಲಿ 'ಶಿಗೆ' ಅಂತ ಬರೆದಿದಾರೆ, ಅದು ನೀವೇ ತಾನೆ?"

ಶಿಗೆಜಿ ಕನ್ನಡಕ ಹಾಕಿಕೊಂಡ. ಕೊನೆಯ ಪುಟ. ಎತ್ತಿನ ಮಾತು. 'ಉಪ್ಪು' ಎಂಬುದಕ್ಕೆ ಮೊದಲು ಮೂರು ಕೆಂಪು ಸೊನ್ನೆ. 'ಹೊಳೆಗೆ' ಎಂಬುದಕ್ಕೆ ಮೊದಲು ಎರಡು. ಅಂಚಿನಲ್ಲಿ ಕಾನ್ಕಿಚಿಯ ಓರೆ ಅಕ್ಷರ:

'ಇಲ್ಲಿ ಮೂರು ಉಸಿರು, ಶಿಗೆ ಹೇಳಿದ ಹಾಗೆ. ಅವಸರ ಬೇಡ. ಪದವನ್ನು ಮಕ್ಕಳು ಹುಡುಕಿ ಕೊಡುತ್ತಾರೆ, ಅವರಿಗೆ ಜಾಗ ಬಿಡು.'

ಪುಟದ ಬೆನ್ನಿಗೆ ಆ ಫೆಬ್ರವರಿಯ ತಾರೀಕು, ಶಾಲೆಯ ಹೆಸರು. ಅದರ ಕೆಳಗೆ:

'ಇವತ್ತು ಶಿಗೆ ನೊರೊನಿಗೆ ಬಾಯಿ ಕೊಟ್ಟ. ಇಷ್ಟು ವರ್ಷ ನಾನು ಆಡಿದ್ದು ಎತ್ತಿನ ಮಾತಲ್ಲ, ಬರೀ ನಟನ ಮಾತು. ತನ್ನ ಬೆನ್ನ ಮೇಲಿನ ಉಪ್ಪೆಲ್ಲ ಕಳಕೊಂಡವನು ಅಷ್ಟು ನಯವಾಗಿ ಮಾತಾಡುತ್ತಾನೆಯೇ? ನಾಳೆಯಿಂದ ಕಲಿಯಬೇಕು. ಶಿಗೆಯ ಹಾಗೆ ಬರುವುದು ಕಷ್ಟ.'

ಎರಡನೆಯ ಪ್ರತಿಯಲ್ಲೂ ಅದೇ ಸೊನ್ನೆ, ಅದೇ ಮಾತು. ಮೂರನೆಯದರಲ್ಲಿ ಕಾನ್ಕಿಚಿಗೆ ಕಣ್ಣು ಮಂಜಾಗಿತ್ತೇನೋ, ಅಕ್ಷರ ದಪ್ಪವಾಗಿದ್ದವು. ಆದರೂ ಒಂದು ಪದವನ್ನೂ ಬಿಡದೆ ಬರೆದುಕೊಂಡಿದ್ದ. ಕೊನೆಯಲ್ಲಿ ಒಂದು ಸಾಲು ಮಾತ್ರ ಹೊಸದು: 'ಇನ್ನೂ ಸರಿ ಬಂದಿಲ್ಲ. ಕೇಳಿದರೆ ಶಿಗೆ ತಲೆಯಾಡಿಸುತ್ತಾನೆ. ದಾಕ್ಷಿಣ್ಯದವನು.'

ಶಿಗೆಜಿ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡು ಓದಿದ. ಮೂರನೆಯ ಸಲ ಓದಲಾಗಲಿಲ್ಲ. ಪುಸ್ತಕವನ್ನು ಎರಡು ಕೈಯಲ್ಲಿ ತಟ್ಟೆಗೆ ಮರಳಿಸಿ, ಫುರಿಹಾತಾಗೆ ತಲೆಬಾಗಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಎದುರಿಗೆ ಜಪಾನಿನ ಆಲ್ಪ್ಸ್ ಬೆಟ್ಟಗಳ ನೆತ್ತಿಗೆ ಆ ವರ್ಷದ ಮೊದಲ ಹಿಮ ಬಿದ್ದಿತ್ತು.

ಹಾತ್ಸುಯೆ ಬಂದು ಪಕ್ಕದಲ್ಲಿ ಕೂತಳು. ನಿಂತು ನಿಂತು, ಮುಗ್ಗರಿಸಿ, ಅವನು ಎಲ್ಲವನ್ನೂ ಹೇಳಿದ. ಅವಳು ಒಂದು ಪದವನ್ನೂ ಮುಂದಾಗಿ ಹೇಳಿಕೊಡದೆ ಕೇಳಿದಳು.

"ಅಂದ್ರೆ, ಅಣಕಿಸ್ತಾರೆ ಅಂದ್ಕೊಂಡೂ ಹತ್ತೊಂಬತ್ತು ವರ್ಷ ಅವರ ಸೊಂಟ ಹಿಡ್ಕೊಂಡು ನಡೆದ್ರಾ?"

"ಹೂಂ."

"ಒಂದ್ಸಲ ಕೇಳ್ಬಾರ್ದಿತ್ತಾ ನೀವು?"

"ಮು... ಮುಂಗಾಲು ಹಿಂಗಾಲು ಜ... ಜಗಳಾಡಿದ್ರೆ," ಶಿಗೆಜಿ ಉಸಿರು ತೆಗೆದುಕೊಂಡ, "ಎತ್ತು ಬೀಳುತ್ತೆ."

ಹಾತ್ಸುಯೆ ತನ್ನ ಅಂಗಿಯ ತೋಳಿನ ತುದಿಯಿಂದ ಮೊದಲು ಅವನ ಕಣ್ಣು ಒರೆಸಿದಳು, ಆಮೇಲೆ ತನ್ನದು. "ಅವರೂ ದಡ್ಡರು, ನೀವೂ ದಡ್ಡರು," ಎಂದಳು. "ಇಬ್ರೂ ಸೇರಿ ಸರಿಯಾಗಿ ಒಂದು ಎತ್ತು."

ಪ್ರದರ್ಶನ ತೆರೆದ ಬೆಳಿಗ್ಗೆ ತಾಜು ಕೋಲೂರಿಕೊಂಡು ಬಂದಳು. ಎಂಬತ್ತೊಂದರ ಮುದುಕಿ, ಕಪ್ಪು ಕಿಮೊನೊ, ಬೆನ್ನು ಮಾತ್ರ ನೆಟ್ಟಗೆ. ಎತ್ತಿನ ಎದುರು ನಿಂತು, "ಅಟ್ಟದಲ್ಲಿದ್ದಾಗ ಇಲಿ ಹೆಣ ಅಂದ್ಕೊಂಡಿದ್ದೆ. ನಿಂತ ಮೇಲೆ ಮನೆ ಮನುಷ್ಯನ ಹಾಗೇ ಕಾಣುತ್ತೆ," ಎಂದಳು.

ಶಿಗೆಜಿ ಅವಳ ಮುಂದೆ ಸೊಂಟ ಬಗ್ಗಿಸಿ ನಿಂತ. ಹೇಳಬೇಕೆಂದು ಹಿಂದಿನ ದಿನವೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಮೊದಲ ಅಕ್ಷರದಲ್ಲೇ ನಿಂತಿತು. ತಾಜು ಕೋಲಿನ ಮೇಲೆ ಎರಡೂ ಕೈ ಇಟ್ಟು ಆರಾಮವಾಗಿ ಕಾದಳು.

"ಕಾ... ಕಾನ್-ಸಾನ್... ನನ್ನನ್ನ... ನಾನು ತ... ತಪ್ಪು ತಿಳ್ಕೊಂಡಿದ್ದೆ."

"ಹಾತ್ಸುಯೆ-ಸಾನ್ ಹೇಳಿದ್ರು," ತಾಜು ಅಂದಳು. "ತಪ್ಪು ನಮ್ಮನೇವ್ರದೂ ಇದೆ ಶಿಗೆ-ಸಾನ್. ಬಚ್ಚಲಲ್ಲಿ ಕೂತ್ಕೊಂಡು ಉ ಉ ಅಂತ ಒಂದು ಗಂಟೆ ಸಾಧನೆ ಮಾಡೋರು. ನೀರು ತಣ್ಣಗಾಗ್ತಿತ್ತು, ನನ್ನ ಸ್ನಾನ ಪ್ರತಿ ದಿನ ತಣ್ಣೀರಲ್ಲೇ. ಹೋಗಿ ಶಿಗೆ-ಸಾನ್‌ನೇ ಕೇಳಿ ಕಲೀರಿ ಅಂತ ಬೈದಿದ್ದೆ. ಕೇಳಿದ್ರೆ ನಾಚ್ಕೊಂಡು ತಂಡ ಬಿಟ್ಟು ಹೋಗ್ತಾನೆ, ಆಮೇಲೆ ನನ್ನ ಬೆನ್ನ ಹಿಂದೆ ಯಾರು ನಡೀತಾರೆ ಅಂದ್ರು. ಬೇರೆಯವನ ಹಣೆ ತಾಗಿದ್ರೆ ನನಗೆ ನಡೆಯೋಕೇ ಬರಲ್ಲ ಅಂತಿದ್ರು."

ಶಿಗೆಜಿಯ ಕೈ ತಾನಾಗಿ ಹಣೆಗೆ ಹೋಯಿತು. ಅಲ್ಲಿ ಮೂವತ್ತೊಂದು ವರ್ಷದ ನಡುಪಟ್ಟಿಯ ಉಜ್ಜುವಿಕೆಗೆ ಚರ್ಮ ಈಗಲೂ ಒರಟಾಗಿತ್ತು.

ಎತ್ತಿನ ಮುಂದಿನ ಫಲಕದಲ್ಲಿ ಈ ಸಲ ಎರಡು ಹೆಸರಿದ್ದವು. ತಂಡದ ಹಳೆಯ ಕರಪತ್ರಗಳಲ್ಲೆಲ್ಲ 'ನೊರೊ: ಮಿಯಾಶಿತಾ ಕಾನ್ಕಿಚಿ' ಎಂದಷ್ಟೇ ಇರುತ್ತಿತ್ತು, ಆಗ ಹಾಗೆ ಬೇಡಿಕೊಂಡವನು ಶಿಗೆಜಿಯೇ. ಈಗ ಫುರಿಹಾತಾ ಕೇಳಿದಾಗ ಅವನು ಬೇಡವೆನ್ನಲಿಲ್ಲ. ಕಾನ್-ಸಾನ್ ಹೆಸರು ಮೊದಲಿರಲಿ, ಎರಡರ ನಡುವೆ ಗೆರೆ ಬೇಡ ಎಂದಷ್ಟೇ ಕಾಗದದಲ್ಲಿ ಬರೆದುಕೊಟ್ಟಿದ್ದ.

ಮೇಯರು ಭಾಷಣ ಮಾಡಿದರು. ಊರಿನ ಇತಿಹಾಸ, ಉಪ್ಪಿನ ದಾರಿ, ಪ್ರವಾಸೋದ್ಯಮ, ಮುಂದಿನ ವರ್ಷದ ಯೋಜನೆ. "ಉಗ್ಗಿಲ್ದೇನೇ ಎಷ್ಟು ಹೊತ್ತು ಹಿಡೀತು ನೋಡಿ," ಹಾತ್ಸುಯೆ ಗಂಡನ ಕಿವಿಯಲ್ಲಿ ಹೇಳಿದಳು. "ನಿಮಗೇನು ಭಯ?"

ಏಕೆಂದರೆ ಆ ದಿನ ಶಿಗೆಜಿಯೂ ಮಾತಾಡುವುದಿತ್ತು. ಫುರಿಹಾತಾ ಹೆದರಿ ಹೆದರಿ ಕೇಳಿದ್ದಳು, ಅವನು ಒಪ್ಪಿಕೊಂಡಿದ್ದ. ಹಾತ್ಸುಯೆಗೂ ಮೊದಲು ನಂಬಿಕೆ ಬಂದಿರಲಿಲ್ಲ.

ಮೈಕಿನ ಮುಂದೆ ನಿಂತು ಅವನು ಜೇಬಿನ ಚೀಟಿ ತೆಗೆಯಲಿಲ್ಲ. ತನಗೆ ಋಣವಿದ್ದವರ ಹೆಸರುಗಳನ್ನು ಮಾತ್ರ ಹೇಳಿದ. ತನಗಿಂತ ಮೊದಲು ಹಿಂಗಾಲಾಗಿದ್ದು ನಡು ಹಿಡಿದು ಬಿಟ್ಟುಹೋದ ಕೊಂದೊ. ತೊಗಲಿಗೆ ತೇಪೆ ಹಾಕಿದ ಮೂವರು ಹೆಂಗಸರು. ಹಿಮದಲ್ಲಿ ಹೂತ ಲಾರಿಯನ್ನು ಎಳೆದು ತೆಗೆದ, ಹೆಸರು ಹೇಳದೆ ಹೋದ ರೈತ. ಇಪ್ಪತ್ತು ಮೂವತ್ತು ಶಾಲೆಗಳ ಅಡುಗೆಮನೆಯವರು. ಅವರಲ್ಲೊಬ್ಬಳು ತನ್ನ ಬಟ್ಟಲು ಇವತ್ತಿಗೂ ತುಂಬಿಸುತ್ತಿದ್ದಾಳೆ ಎಂದಾಗ ಸಭೆ ನಕ್ಕಿತು. ಹಾತ್ಸುಯೆ ತಲೆ ತಗ್ಗಿಸಿದಳು. ಬೆಟ್ಟದ ಶಾಲೆಯ ಮೂವತ್ತೆರಡು ಮಕ್ಕಳು. ಕೊನೆಯಲ್ಲಿ ಕಾನ್ಕಿಚಿ. ಆ ಹೆಸರಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಯಾರೂ ಕೆಮ್ಮಲಿಲ್ಲ, ಕೈಗಡಿಯಾರ ನೋಡಲಿಲ್ಲ. ಎಲ್ಲ ಸೇರಿ ಆರು ನಿಮಿಷ. ಅಷ್ಟು ಮಂದಿಯ ಎದುರು ಅಷ್ಟು ಹೊತ್ತು ಅವನು ಹುಟ್ಟಿದ ಮೇಲೆ ಮಾತಾಡಿದ್ದಿಲ್ಲ.

ಇಳಿದು ಬಂದಾಗ ಹಳದಿ ಟೋಪಿಯ ಶಿಶುವಿಹಾರದ ಮಕ್ಕಳು ಎತ್ತನ್ನು ಮುತ್ತಿದ್ದರು. ಹಲ್ಲು ಬಿದ್ದ ಹುಡುಗಿಯೊಬ್ಬಳು ಅವನ ಅಂಗಿ ಜಗ್ಗಿದಳು.

"ಅಜ್ಜ, ಮೋಟಾರು ಎಲ್ಲಿದೆ?"

ಶಿಗೆಜಿ ತನ್ನ ಎದೆ ಮುಟ್ಟಿ ತೋರಿಸಿದ.

"ಸುಳ್ಳು. ಬಾಲ ಯಾರು ಅಲ್ಲಾಡಿಸ್ತಾರೆ ಹಾಗಾದ್ರೆ?"

ಅವನು ಹೊಟ್ಟೆಯೊಳಗೆ ಕೈ ಹಾಕಿ, ದಾರದ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಮೆಲ್ಲಗೆ ಎಳೆದ. ಬಾಲ ಸುಯ್ಯೆಂದು ಬೀಸಿ ಹುಡುಗಿಯ ಟೋಪಿ ಹಾರಿಸಿತು. ಕೋಣೆಯೆಲ್ಲ ಕಿಲಕಿಲ. ನನಗೂ, ನನಗೂ ಎಂದು ಸಾಲು ನಿಂತ ಹದಿನೇಳು ಟೋಪಿಗಳನ್ನೂ ಒಂದೊಂದಾಗಿ ಹಾರಿಸುವವರೆಗೆ ಫುರಿಹಾತಾ 'ಮುಟ್ಟಬಾರದು' ಎಂಬ ಫಲಕವನ್ನು ಬೆನ್ನಿಗೆ ಮರೆಮಾಡಿ ನಿಂತಿದ್ದಳು.

ಆ ಭಾನುವಾರ ತಾಜು ಅವರಿಬ್ಬರನ್ನು ಮನೆಗೆ ಕರೆದಳು. ನೊಜಾವಾ ಸೊಪ್ಪು ಉಪ್ಪಿಗೆ ಹಾಕುವ ಕಾಲ. ಒಂಟಿ ಮುದುಕಿಯ ಅಂಗಳದಲ್ಲಿ ನಲವತ್ತು ಕಿಲೋ ಸೊಪ್ಪು ಬಿದ್ದಿತ್ತು. ಹಾತ್ಸುಯೆ ರಬ್ಬರ್ ಗವಸು ತೊಟ್ಟು ತೊಟ್ಟಿಯ ಪಕ್ಕ ಕೂತೇಬಿಟ್ಟಳು. ಶಿಗೆಜಿ ಮೊದಲು ಒಳಕೋಣೆಗೆ ಹೋದ. ಅಲ್ಲಿ ಹಿರಿಯರ ಪೀಠದಲ್ಲಿ ಕಾನ್ಕಿಚಿಯ ಚಿತ್ರವಿತ್ತು. ಯಾವುದೋ ಬಿಸಿನೀರಿನ ಊಟೆಯಲ್ಲಿ ತೆಗೆದದ್ದು, ತಲೆಯ ಮೇಲೆ ಮಡಿಚಿದ ಟವೆಲು. ಅವನು ಗಂಟೆ ಬಾರಿಸಿ, ಧೂಪ ಹಚ್ಚಿ, ಮಂಡಿಯೂರಿ ಕೂತ.

ತೊಟ್ಟಿಯ ಬಳಿ ಇಬ್ಬರು ಹೆಂಗಸರೂ ಸೊಪ್ಪು ಜಾಲಿಸಿ ಜಾಲಿಸಿ ರಾಶಿ ಹಾಕಿದರು. ಮೊದಲ ಪೀಪಾಯಿಗೆ ಒಂದು ಪದರ ಸೊಪ್ಪು, ಒಂದು ಹಿಡಿ ಉಪ್ಪು, ಒಣಮೆಣಸು. ಒಳಗಿನಿಂದ ಬಿಟ್ಟು ಬಿಟ್ಟು ದನಿ ಕೇಳುತ್ತಿತ್ತು. ಒಂದು ಪೀಪಾಯಿ ತುಂಬಿತು.

"ಇನ್ನೂ ಮುಗಿದಿಲ್ವಲ್ಲಪ್ಪ," ಹಾತ್ಸುಯೆ ಅತ್ತ ಕತ್ತು ಚಾಚಿದಳು. "ಕರೀಲಾ?"

"ಬಿಡಿ, ಪೂರ್ತಿ ಹೇಳ್ಲಿ," ತಾಜು ಇನ್ನೊಂದು ಕಟ್ಟು ಸೊಪ್ಪು ಬಿಚ್ಚುತ್ತ ಅಂದಳು. "ನಮ್ಮನೇವ್ರು ಈಗ ಯಾವ ಬಸ್ಸೂ ಹಿಡೀಬೇಕಾಗಿಲ್ಲ."

ಎರಡನೆಯ ಪೀಪಾಯಿ ಅರ್ಧವಾದಾಗ ಶಿಗೆಜಿ ಹೊರಗೆ ಬಂದ. ಮಂಡಿ ಜೋಮು ಹಿಡಿದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಮುಖ ಸ್ನಾನ ಮುಗಿಸಿ ಬಂದವನ ಹಾಗೆ ಹಗುರಾಗಿತ್ತು. ಅಂಗಿಯ ತೋಳು ಮಡಿಚಿ, ಸೊಪ್ಪಿನ ಮೇಲೆ ಹೇರುವ ದೊಡ್ಡ ಕಲ್ಲನ್ನು ಎತ್ತಲು ಬಾಗಿದ.

"ಒಬ್ರೇ ಎತ್ತಬೇಡಿ, ನಡು ಹಿಡ್ಕೊಳುತ್ತೆ," ಎನ್ನುತ್ತ ಹಾತ್ಸುಯೆ ಎದ್ದು ಬಂದು ಕಲ್ಲಿನ ಇನ್ನೊಂದು ಬದಿ ಹಿಡಿದಳು.